ಅರ್ಧ ಇಂಚು

ಘೋರ್ಪಡಿ ಬಜಾರಿನಾಗ, ರೈಲ್ವೆ ಗೇಟಿನ ಈಚೆ,
ನಮ್ಮಪ್ಪ ಹಾಕಿದ ಹೊಲಿಗಿ ಅಂಗಡಿ.
ಅಳತಿ ಪುಸ್ತಕ ಇನ್ನೂ ಅದ, ಗೆದ್ದಲು ತಿಂದು ಉಳಿಸಿದಷ್ಟು.
ನಲವತ್ತನೇ ಪುಟ ತೆಗೀರಿ:
ಕಡಕೋಳ ಈರಸಂಗಪ್ಪ, ಖಡಕವಾಸಲಾ ಕೆಡೆಟ್,
ಎದಿ ಮೂವತ್ಮೂರು, ಸೊಂಟ ಇಪ್ಪತ್ತಾರು.
ಕೆಳಗ ಅಪ್ಪನ ಅಕ್ಷರ: ‘ಹುಡುಗ ಬೆಳಿಯಾವ. ಒಳಗ ಎರಡು ಬೆರಳು ಬಟ್ಟಿ ಬಿಡು.’

ರವಿವಾರ ಅಕಾಡೆಮಿ ಬಸ್ಸಿಳಿದು ಬಂದಿದ್ದ.
ಬಾಯಿ ತೆರದದ್ದೇ ತಡ, ಸಿಂದಗಿ ಸೀಮಿ ಮಾತು;
ಅಪ್ಪ ಮಶೀನಿನ ಗಾಲಿ ಹಿಡಿದು ನಿಲ್ಲಿಸಿದ.
ಬ್ಲೇಜರಿಗೆ ಕೂಲಿ ತಗೊಳ್ಳಲಿಲ್ಲ,
ಗುಂಡಿ ರೊಕ್ಕ ಮಾತ್ರ ಬರದಿಟ್ಟ.
ಅದು ಐದು ವರ್ಷಕ್ಕ ಬಂತು, ತೇಜಪುರದಿಂದ, ಮನಿ ಆರ್ಡರಿನ್ಯಾಗ.

ಆಮ್ಯಾಲ ಹೆಗಲಿಗೆ ಚುಕ್ಕಿ ಹತ್ತಿದವು.
ಒಂದು, ಎರಡು, ಮೂರು. ಚುಕ್ಕಿ ಹೋಗಿ ಸಿಂಹ ಬಂತು.
ಎಲ್ಲೆಲ್ಲಿ ಇದ್ದ, ನನಗೇನು ಗೊತ್ತು?
ನನ್ನ ಹಂತ್ಯಾಕ ಬರೂದು ಬಟ್ಟಿ.
ಕಾಲರಿನ್ಯಾಗ ಉಸುಕು ಇದ್ರ ರಾಜಸ್ಥಾನ,
ಬಗಲಾಗ ಬೂಷ್ಟು ಹಿಡಿದಿದ್ರ ಅಸ್ಸಾಮ್,
ಚಿಮಣಿ ಎಣ್ಣಿ ನಾರಿದ್ರ ಹಿಮದ ಮ್ಯಾಲಿನ ಬಂಕರು.

ಮೇಜರ್ ಇದ್ದಾಗ ಒಮ್ಮೆ
ಮಿಲಿಟರಿ ದವಾಖಾನಿಯಿಂದ ನೆಟ್ಟಗ ಇಲ್ಲಿಗೇ ಬಂದ.
ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯೊಳಗ.
ಟೇಪು ಹಿಡಿದೆ. ಎಡ ಭುಜ ಅರ್ಧ ಇಂಚು ಕೆಳಗ.
ನಾ ಕಂಡದ್ದನ್ನ ಅವ ಕನ್ನಡಿಯೊಳಗ ಕಂಡ.
‘ಕಾಣಬಾರದು, ಪಂಢರಿ.’
ಅಷ್ಟ.
ಪುಸ್ತಕದಾಗ ನಾ ಬರೀಲಿಲ್ಲ.
ಹತ್ತಿ ಹಿಂಜಿ, ಸಣ್ಣ ಗಾದಿ ಮಾಡಿ, ಅಸ್ತರಿನೊಳಗ ಮುಚ್ಚಿ ಹೊಲಿದೆ.

ಕರ್ನಲ್ ಆದ, ಕಾಲರಿಗೆ ಕೆಂಪು ಹತ್ತಿತು.
ನನ್ನ ಬಾಯಾಗ ಅವ ‘ಅವರು’ ಆದ.
ಪ್ರತಿ ಬಡತಿಗೂ ಹೊಸ ಕೋಟು, ಹೊಸ ಗಾದಿ.
ಕತ್ತಿ, ಬೆತ್ತ ಅಡ್ಡಡ್ಡ ಬಂದು ಕುಂತವು, ಅದರ ಮ್ಯಾಲ ಸಿಂಹ.
ಪರೇಡಿನ ದಿನ ಜೀಪಿನಾಗ ನಿಂತು ಸಲಾಮು ತಗೊಂಡ್ರು;
ತಕ್ಕಡಿ ದಂಡಿಗಿ ಹಂಗ ಸಮ, ಎರಡೂ ಹೆಗಲು.
ಮಂದಿ ಚಪ್ಪಾಳಿ ಹೊಡದ್ರು.
ನನಗ ನನ್ನ ಹತ್ತಿ ಕಂಡಿತು.

ನಡುವ ಒಂದು ಮಾತು ಬಿಟ್ಟೆ.
ಅವರು ಬ್ರಿಗೇಡಿಯರ್ ಇದ್ದ ವರ್ಷ ನನ್ನ ತಮ್ಮನ ಮಗ ಭರ್ತಿಗೆ ಹೋದ.
ಹುಡುಗನ ಹೆಸರು ನಿವೃತ್ತಿ. ವಾರಕರಿ ಮನಿತನ, ಹಂಗ ಇಡತೀವಿ.
ಓಡಿದ, ಜಿಗಿದ, ಎಲ್ಲಾ ಪಾಸು.
ಎದಿ ಎಪ್ಪತ್ತೇಳು ಬೇಕು, ಎಪ್ಪತ್ತಾರಕ್ಕ ನಿಂತಿತು.
ಒಂದು ಸೆಂಟಿಮೀಟರು.
ಅರ್ಧ ಇಂಚಿಗಿಂತ ಕಮ್ಮಿ, ಲೆಕ್ಕ ಮಾಡ್ರಿ ಬೇಕಾದ್ರ.
ಟೊಪ್ಪಿಗಿ ಕೈಯಾಗ ಹಿಡಿದು ವಾನವಡಿ ಬಂಗ್ಲೆಗೆ ಹೋದೆ.
‘ಅಳತಿ ಅಂದ್ರ ಅಳತಿ, ಪಂಢರಿ. ದರ್ಜಿಗೆ ನಾ ಹೇಳಬೇಕೇನು?’
ಚಹಾ ಕೊಟ್ಟರು. ಕುಡದು ಬಂದೆ.

ಸುಳ್ಳು ಯಾಕ ಹೇಳಲಿ.
ಆ ರಾತ್ರಿ ಅವನ ಕೋಟು ನನ್ನ ಮೇಜಿನ ಮ್ಯಾಲ ಇತ್ತು.
ಎಡ ಹೆಗಲಿನ ಟಾಕಿ ಬಿಚ್ಚಿದೆ, ಗಾದಿ ಎಳದು ತಗದೆ,
ದೀಪ ಆರಿಸಿ ಕುಂತೆ.
ಮಿರಜ ಗಾಡಿ ಹೋತು. ಹಾಲಿನವ ಬಂದ.
ಮತ್ತ ಅದನ್ನ ಒಳಗಿಟ್ಟು ಹೊಲಿದೆ.
ಧರ್ಮಕ್ಕಲ್ಲ. ಗಿರಾಕಿ.

ಹೋದ ತಿಂಗಳು ಬಂದಿದ್ರು, ಆಟೋದಾಗ.
ಬಾವುಟ ಇಲ್ಲ, ಬಾಗಿಲು ತೆಗಿಯಾಕ ಹುಡುಗ ಇಲ್ಲ,
ಚಿಲ್ಲರಿಗೆ ಆಟೋದವನ ಜೋಡಿ ಸಣ್ಣ ಜಗಳ.
‘ಒಂದು ಬುಷ್ ಶರ್ಟು. ಸಾದಾ.’
ರೂಢಿ ನೋಡ್ರಿ, ನನ್ನ ಕೈ ಹತ್ತಿ ಡಬ್ಬಿಗೆ ಹೋತು.
‘ಅದು ಬ್ಯಾಡ.’

ನನಗೀಗ ಟೇಪಿನ ಗೀಟು ಕಾಣೂದಿಲ್ಲ. ಅಳತಿ ಹಿಡಿಯಾವ ನಿವೃತ್ತಿ.
ಅವರು ಅವನ ಹೆಸರು ಕೇಳಿದ್ರು. ಹೇಳಿದೆ.
ನಗು ತುಟಿತನಕ ಬಂದು ಅಲ್ಲೇ ನಿಂತಿತು.
ನಾ ಬರಕೊಳ್ಳಲಿ ಅಂತ ಹುಡುಗ ಗಟ್ಟಿಯಾಗಿ ಒದರಿದ:
‘ಎದಿ ನಲವತ್ತು.
ಬಲ ಭುಜ ಸರಿ ಅದ.
ಎಡ ಭುಜ ಅರ್ಧ ಇಂಚು ಕೆಳಗ.’

ಅಂಗಡಿಗೆಲ್ಲಾ ಕೇಳಿತು,
ಚಡ್ಡಿ ಗುಂಡಿ ಹಚ್ಚಸಾಕ ಬಂದ ಇಬ್ಬರು ಜವಾನರಿಗೂ.
ಜನರಲ್ ಕಡಕೋಳ ಅಲಗಾಡಲಿಲ್ಲ.
ಹಿಮ್ಮಡ ಕೂಡಿಸಿ, ಕನ್ನಡಿ ನೋಡಕೋತ ನಿಂತಿದ್ದ.
‘ಅರ್ಧ ಅಲ್ಲೋ ತಮ್ಮಾ,
ಈಗ ಮುಕ್ಕಾಲು ಇರಬೇಕು. ಇನ್ನೊಮ್ಮೆ ಹಿಡಿ’ ಅಂದ.